ಬುಟ್ಟಿ ಹೆಣೆಯುವ ಅಜ್ಜಿಯ ಬಗ್ಗೆ ನಾನು ಮಾಡಿದ ಪಾಠ

ಅಬುಧಾಬಿಯಲ್ಲಿ ನಾನು ಕೆಲಸ ಮಾಡುವ ಶಾಲೆಯಲ್ಲಿ ಆಸ್ಟ್ರೇಲಿಯಾದ ಪಠ್ಯಕ್ರಮವಿದೆ. ಎರಡು ವರ್ಷ ನಾನಲ್ಲಿ ಅಸಿಸ್ಟೆಂಟ್ ಆಗಿದ್ದೆ. ಬೇರೆಯವರ ಪಾಠಕ್ಕೆ ಬಣ್ಣದ ಕಾಗದ ಕತ್ತರಿಸುವುದು, ಬಸ್ಸಿನ ಸಾಲು ನಿಲ್ಲಿಸುವುದು, ಅತ್ತವರ ಮೂಗು ಒರೆಸುವುದು ನನ್ನ ಕೆಲಸ. ಇತಿಹಾಸದಲ್ಲಿ ಎಂ.ಎ. ಮಾಡಿದ್ದೇನೆ ಎಂಬ ಸಂಗತಿ ನನ್ನ ಫೈಲಿನಲ್ಲಿ ಮಾತ್ರ ಇತ್ತು. ಹೀಗಿರುವಾಗ ಒಂದು ಬೆಳಿಗ್ಗೆ ನಮ್ಮ ಕೋಆರ್ಡಿನೇಟರ್, ಪರ್ತ್ ಕಡೆಯ, ಸದಾ ಅರ್ಧ ಓಡುತ್ತಲೇ ಮಾತಾಡುವ ಹೆಂಗಸು, ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿದರು.

“ನಾಲ್ಕನೇ ತರಗತಿಗೆ ಆಸ್ಟ್ರೇಲಿಯಾದ ಮೂಲನಿವಾಸಿಗಳ ಪಾಠ ಈ ಸಲ ನೀವು ಮಾಡಿ. ಮೂರು ವಾರ. ಕೊನೆಯ ದಿನ ತಂದೆತಾಯಿ ಬಂದು ನೋಡುತ್ತಾರೆ, ಪ್ರಿನ್ಸಿಪಾಲರೂ ಇರುತ್ತಾರೆ. ಚೆನ್ನಾಗಿ ಆದರೆ ಮುಂದಿನ ವರ್ಷ ಒಂದು ತರಗತಿ ನಿಮ್ಮದೇ.”

ಆ ದಿನದ ನನ್ನ ದಿನಚರಿಯಲ್ಲಿ ‘ಕೊನೆಗೂ’ ಎಂಬ ಒಂದೇ ಪದವಿದೆ, ಅದರ ಮುಂದೆ ಮೂರು ಆಶ್ಚರ್ಯಸೂಚಕ ಚಿಹ್ನೆ. ಸಾಮಾನ್ಯವಾಗಿ ನಾನು ಒಂದನ್ನೂ ಹಾಕುವವಳಲ್ಲ. ಈಗ ಬರೆಯುತ್ತಿರುವುದರಲ್ಲಿ ದಿನಚರಿಯಲ್ಲಿ ಸಿಕ್ಕಿದ್ದೆಷ್ಟು, ನಾನು ಆಮೇಲೆ ಸೇರಿಸಿಕೊಂಡದ್ದೆಷ್ಟು ಎಂದು ಖಚಿತವಾಗಿ ಹೇಳಲಾರೆ. ಮಕ್ಕಳು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲಿ. ಅದನ್ನು ಕನ್ನಡಕ್ಕೆ ತಂದವಳು ನಾನು, ಹಾಗಾಗಿ ಅಲ್ಲೂ ನನ್ನ ಕೈ ಇದೆ.

ಸಂಜೆಯೇ ಎಲೆಕ್ಟ್ರಾ ಸ್ಟ್ರೀಟಿನ ಸ್ಟೇಶನರಿ ಅಂಗಡಿಗೆ ಹೋಗಿ ಕಾವಿ, ಹಳದಿ, ಬಿಳಿ ಬಣ್ಣ ತಂದೆ. ಆಸ್ಟ್ರೇಲಿಯಾದ ಮೂಲನಿವಾಸಿಗಳು ಎಂದರೆ ಚುಕ್ಕಿಗಳ ಚಿತ್ರ ಎಂದಷ್ಟೇ ನನಗೆ ಗೊತ್ತಿದ್ದದ್ದು. ಚುಕ್ಕಿ ಎಂದಮೇಲೆ ನನಗೆ ಯಾರೂ ಕಲಿಸಬೇಕಾಗಿಲ್ಲವಲ್ಲ! ಊಟದ ಮೇಜಿನ ಮೇಲೆ ಕಾಗದ ಹರಡಿ ಏಳು ಚುಕ್ಕಿಯ ಸಾಲಿನಿಂದ ಒಂದು ಚುಕ್ಕಿಯವರೆಗೆ ಇಟ್ಟು ಗೆರೆ ಎಳೆದೆ. ದುಬೈಯ ಜುಮೇರಾ ಲೇಕ್ ಟವರ್ಸಿನ ಆಫೀಸಿನಿಂದ ಅದೇ ಆಗ ಮನೆಗೆ ಬಂದ ಗಂಡ ಶೂ ಬಿಚ್ಚುತ್ತ ನೋಡಿದರು.

“ಇದು ನಿನ್ನ ಅಮ್ಮನ ರಂಗೋಲಿ ಅಲ್ವಾ ಮಾರಾಯ್ತಿ?”

“ಚುಕ್ಕಿ ಅಂದ್ರೆ ಚುಕ್ಕಿಯೇ. ಮಕ್ಕಳಿಗೆ ಸುಲಭ ಆಗ್ಬೇಕು.”

“ಹಾಗಾದ್ರೆ ಯಲ್ಲಾ, ಎಲ್ಲ ಸೇರಿಸಿ ಖಲಾಸ್ ಮಾಡು” ಎಂದು ಇಲ್ಲಿನ ಅರಬಿ ಬೆರೆಸಿ ಹುರಿದುಂಬಿಸಿದರು.

ಮಕ್ಕಳು ಖಲಾಸ್ ಮಾಡಿಯೇ ಬಿಟ್ಟರು. ಮರುದಿನ ಒಂದೇ ಪೀರಿಯಡ್ಡಿನಲ್ಲಿ ತರಗತಿ ತುಂಬ ಕಾವಿ ಬಣ್ಣದ ತಾವರೆಗಳು. ಒಬ್ಬ ತಾವರೆಯ ನಡುವೆ ಕಾಂಗರೂ ಕೂರಿಸಿದ್ದ. ನನಗಾದ ಖುಷಿಗೆ ಲೆಕ್ಕವೇ ಇರಲಿಲ್ಲ.

ಆ ವಾರವೇ ಮೊದಲ ವೀಡಿಯೊ ಕರೆ. ಕೋಆರ್ಡಿನೇಟರ್ ತಮ್ಮ ಊರಿನಿಂದ ಒಬ್ಬ ಹಿರಿಯರನ್ನು ಒಪ್ಪಿಸಿದ್ದರು. ನೈಋತ್ಯ ಆಸ್ಟ್ರೇಲಿಯಾದ ನೂಂಗಾರ್ ಜನಾಂಗದವರು, ನಿವೃತ್ತ ಶಿಕ್ಷಕಿ. ನಮಗೆ ಬೆಳಗಿನ ಎಂಟೂವರೆ, ಅವರಿಗೆ ಮಧ್ಯಾಹ್ನ. ಅವರನ್ನು ‘ಆಂಟಿ’ ಎನ್ನಬೇಕು ಎಂದು ಕೋಆರ್ಡಿನೇಟರ್ ಮೊದಲೇ ಹೇಳಿದಾಗ ನಾನು ಹಿಂದೆಮುಂದೆ ನೋಡಿದ್ದೆ. ನಮ್ಮ ಕಟ್ಟಡದ ಲಿಫ್ಟಿನಲ್ಲಿ ಯಾರನ್ನಾದರೂ ಆಂಟಿ ಎಂದರೆ ಒಂದು ವಾರ ಮುಖ ತಿರುಗಿಸುತ್ತಾರೆ. ಅಲ್ಲಿ ಹಾಗಲ್ಲವಂತೆ. ಊರೇ ಒಪ್ಪಿ ಕೊಡುವ ಗೌರವ ಅದು.

ನಾನು ಹೆಮ್ಮೆಯಿಂದ ಮಕ್ಕಳ ತಾವರೆಗಳನ್ನು ಕ್ಯಾಮೆರಾದ ಎದುರು ಹಿಡಿದೆ. ಆಂಟಿ ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದರು.

“ಬಹಳ ಚೆಂದ. ಇದು ಯಾರದು?”

“ನಿಮ್ಮದೇ” ಎಂದೆ.

ಅವರು ಹೊಟ್ಟೆ ಕುಲುಕುವಂತೆ ನಕ್ಕರು. “ನಮ್ಮದಲ್ಲ ಮಗಳೇ. ಚುಕ್ಕಿ ಚಿತ್ರ ನಡುವಿನ ಮರುಭೂಮಿಯವರದು. ಅದಕ್ಕೂ ನನಗೂ ಬಹಳ ದೂರ. ಆ ಚುಕ್ಕಿಗಳನ್ನು ಯಾರಾದರೂ ಗೆರೆ ಎಳೆದು ಸೇರಿಸಿದ್ದನ್ನು ನಾನು ಇವತ್ತೇ ನೋಡಿದ್ದು!”

ಮಕ್ಕಳೆಲ್ಲ ನಕ್ಕರು. ನಾನು ತಾವರೆಗಳನ್ನು ಕೆಳಗಿಳಿಸಿದೆ. ಇದು ನನ್ನ ಅಮ್ಮ ಅಂಗಳದಲ್ಲಿ ಹಾಕುವುದು ಎಂದು ಒಪ್ಪಿಕೊಂಡೆ. “ಹಾಗಾದರೆ ನಿನ್ನ ಅಮ್ಮನದು ಎಂದೇ ಹೇಳು. ನನ್ನ ಹೆಸರಲ್ಲಿ ಯಾಕೆ ಹೇಳುತ್ತೀ?” ಎಂದರು. ಗದರಿಕೆ ಇರಲಿಲ್ಲ. ಆಮೇಲೆ ಮಕ್ಕಳ ಕಡೆ ತಿರುಗಿ, “ಒಬ್ಬರ ಕತೆ ಹೇಳುವ ಮೊದಲು ಅವರನ್ನು ಕೇಳಬೇಕು. ನಮ್ಮಲ್ಲಿ ಅದು ಮೊದಲ ಪಾಠ” ಎಂದರು.

ಆಮೇಲಿನ ಮುಕ್ಕಾಲು ಗಂಟೆಯಲ್ಲಿ ನಾನು ಕಂಡಂಥ ತರಗತಿಯನ್ನು ಹಿಂದೆ ಯಾವತ್ತೂ ಕಂಡಿರಲಿಲ್ಲ. ತಮ್ಮವರಿಗೆ ವರ್ಷಕ್ಕೆ ಆರು ಋತು, ಯಾವ ಹೂ ಅರಳಿತು, ಯಾವ ಹಕ್ಕಿ ಮರಿ ಮಾಡಿತು ಎಂದು ನೋಡಿ ಋತು ಬದಲಾದದ್ದನ್ನು ತಿಳಿಯುತ್ತೇವೆ ಎಂದು ಆಂಟಿ ಹೇಳಿದ್ದೇ ತಡ, ಒಬ್ಬಳು ಎದ್ದು, “ನಮಗೆ ಇಲ್ಲಿ ಎರಡೇ: ಎಸಿ ಹಾಕುವ ಕಾಲ, ಎಸಿ ಆರಿಸುವ ಕಾಲ” ಎಂದಳು. ಒಂದು ಎಮಿರಾತಿ ಮಗು ಸಿಟ್ಟಿನಿಂದ, “ಸುಳ್ಳು! ಅಲ್ ಐನ್‌ನಲ್ಲಿರುವ ನನ್ನ ಅಜ್ಜ ಸುಹೈಲ್ ನಕ್ಷತ್ರ ಕಂಡ ದಿನದಿಂದ ಹತ್ತು ಹತ್ತು ದಿನ ಎಣಿಸುತ್ತಾರೆ, ಸೆಕೆ ಯಾವಾಗ ಮುರಿಯುತ್ತದೆ ಅಂತ ಅವರಿಗೆ ಗೊತ್ತು” ಎಂದಿತು. ನಾನು ತಡೆಯಲಾರದೆ ವಸಂತ, ಗ್ರೀಷ್ಮ ಎಂದು ಆರನ್ನೂ ಬೋರ್ಡಿನ ಮೇಲೆ ಬರೆದೆ. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಆಂಟಿ ಆ ಕಡೆ ಕೈ ಕಟ್ಟಿ ಕೂತು, ನಗುತ್ತ ಕಾಯುತ್ತಿದ್ದರು.

ಗದ್ದಲ ಇಳಿದ ಮೇಲೆ ಅವರು ತಮ್ಮ ತಾಯಿಯ ಸುದ್ದಿ ಹೇಳಿದರು. ತಾಯಿಗೆ ಆರು ವರ್ಷವಾಗಿದ್ದಾಗ ಸರಕಾರದ ಜನ ಬಂದು ಮನೆಯಿಂದ ಕರೆದೊಯ್ದರು. ಬಿಳಿಯರ ಹಾಗೆ ಬೆಳೆಸುತ್ತೇವೆ ಎಂದು ದೂರದ ಕ್ರೈಸ್ತ ಮಿಶನ್ನಿನಲ್ಲಿ ಇಟ್ಟರು. ಹೀಗೆ ಎಷ್ಟೋ ಮನೆಗಳಲ್ಲಿ ನಡೆಯಿತು. ತಾಯಿ ತನ್ನ ತಾಯಿಯನ್ನು ಮತ್ತೆ ನೋಡಲೇ ಇಲ್ಲ.

“ಅವರು ಸ್ಕೂಲ್ ಬ್ಯಾಗ್ ತಗೊಂಡು ಹೋದ್ರಾ?” ಎಂದು ಒಬ್ಬಳು ಕೇಳಿದಳು.

“ಏನೂ ಇಲ್ಲ ಮಗು. ಹಾಕಿಕೊಂಡ ಬಟ್ಟೆ ಮಾತ್ರ.”

ಕೇಳಿದ ಹುಡುಗಿ ಮಂಗಳೂರು ಕಡೆಯ ಬ್ಯಾರಿ ಕುಟುಂಬದವಳು. ಮನೆಯಲ್ಲಿ ಬ್ಯಾರಿ, ಅಜ್ಜಿಯ ಜೊತೆ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ತರಗತಿಯಲ್ಲಿ ಕನ್ನಡ ಅರ್ಥವಾಗುವವಳು ಅವಳೊಬ್ಬಳೇ. ಕರೆ ಮುಗಿಯುವ ಮೊದಲು ಆಂಟಿ ಮನೆಗೆಲಸ ಕೊಟ್ಟರು: ನಿಮ್ಮ ಊರಿನ ನೆಲದಲ್ಲಿ ನಿಮಗಿಂತ ಮೊದಲು ಯಾರಿದ್ದರು? ಮನೆಯಲ್ಲಿ ಕೇಳಿ ಬನ್ನಿ. “ಟೀಚರ್ ಕೂಡ” ಎಂದರು.

ಮಕ್ಕಳು ಕೇಳಿ ಬಂದರು. ನಾನು ಮಾತ್ರ ಯಾರನ್ನೂ ಕೇಳಲಿಲ್ಲ. ನನಗೆ ನೆನಪಿತ್ತಲ್ಲ!

ಉಡುಪಿಯ ಹತ್ತಿರದ ನಮ್ಮೂರಿಗೆ ಬುಟ್ಟಿ ಮಾರುತ್ತ ಬರುತ್ತಿದ್ದ ಕೊರಗರ ಅಜ್ಜಿಯ ಬಗ್ಗೆ ಹೇಳಿದೆ. ತುಳುನಾಡಿನ ಮೊದಲಿನ ಜನ ಅವರು ಎಂದೆ. ಕಾಡಿನ ಬಳ್ಳಿಯಿಂದ ಬುಟ್ಟಿ, ಅಕ್ಕಿ ಕೇರುವ ಗೆರಸೆ ಹೆಣೆದು ತರುತ್ತಿದ್ದಳು. ನಮ್ಮ ಜಗಲಿಯ ಮೇಲೆ ಕೂತು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಮ್ಮ ಕೊಟ್ಟ ಚಾ ಕುಡಿಯುತ್ತ ಕತೆ ಹೇಳುತ್ತಿದ್ದಳು. ಇಬ್ಬರಿಗೂ ಒಂದೇ ತರದ ಸ್ಟೀಲ್ ಲೋಟ. ಹೇಳುತ್ತ ಹೇಳುತ್ತ ಲೋಟದ ಬಿಸಿ ಕೂಡ ನನ್ನ ಕೈಗೆ ತಾಗಿತು. ಮಕ್ಕಳು ಕಣ್ಣು ಮಿಟುಕಿಸದೆ ಕೇಳಿದರು.

ಬ್ಯಾರಿ ಹುಡುಗಿ ಕೈ ಎತ್ತಿದಳು. “ಮಿಸ್, ಅವರ ಹೆಸರೇನು?”

ನನಗೆ ಗೊತ್ತಿರಲಿಲ್ಲ. “ನಾವು ಅಜ್ಜಿ ಅಂತಿದ್ವಿ” ಎಂದೆ. ಅದೂ ನಿಜವೇ ಎಂದು ಈಗ ಅನುಮಾನ. ಹುಡುಗಿ ತೃಪ್ತಳಾಗಲಿಲ್ಲ. ಆದರೂ ಆ ಕತೆಯನ್ನು ದೊಡ್ಡ ಹಾಳೆಯಲ್ಲಿ ಚಿತ್ರ ಮಾಡಿದಳು: ಜಗಲಿ, ಅಜ್ಜಿ, ಪುಟ್ಟ ನಾನು, ಎರಡು ಲೋಟ, ಎರಡರಿಂದಲೂ ಹೊಗೆ. ತಂದೆತಾಯಿ ಬರುವ ದಿನಕ್ಕೆಂದು ಅದನ್ನು ಬಾಗಿಲ ಪಕ್ಕದಲ್ಲೇ ಅಂಟಿಸಿದೆವು.

ನಮ್ಮ ಜಗಲಿಯಲ್ಲಿ ಕೂತು ಲೋಟದಲ್ಲಿ ಚಾ ಕುಡಿಯುತ್ತಿದ್ದ ಬುಟ್ಟಿಯ ಅಜ್ಜಿಯ ಹೆಸರೇನು ಎಂದು ಅಮ್ಮನಿಗೆ ವಾಯ್ಸ್ ಮೆಸೇಜ್ ಕಳಿಸಿದೆ. ಶಾಲೆಯ ವೀಡಿಯೊ ಕರೆಯ ಮಾತು ಬೇರೆ, ನಮ್ಮ ಫೋನುಗಳಿಂದ ಇಲ್ಲಿ ಇಂಟರ್ನೆಟ್ ಕರೆ ಸರಿಯಾಗಿ ಹೋಗುವುದಿಲ್ಲ. ನಾನೂ ಅಮ್ಮನೂ ಬದುಕುತ್ತಿರುವುದೇ ಈ ತುಂಡು ತುಂಡು ಧ್ವನಿಗಳಲ್ಲಿ. ಮರುದಿನ ಬಸ್ಸಿನಲ್ಲಿ ಉತ್ತರ ಕೇಳಿದೆ.

“ಜಗಲಿಯಲ್ಲಾ? ನಿಂಗೆ ಮರ್ಲಾ, ಹುಚ್ಚಾ? ಅವ್ಳು ಜಗಲಿ ಹತ್ತಿದ್ದೇ ಇಲ್ಲ. ಅಂಗಳದ ಕೊನೆಯಲ್ಲಿ, ದನದ ಹಟ್ಟಿ ಹತ್ರ ನಿಲ್ತಿದ್ದದ್ದು. ನಿನ್ನ ಅಜ್ಜಿ ಬಿಡ್ತಿದ್ರಾ ಅವ್ಳನ್ನು ಮೇಲೆ? ಚಾ ಕೊಡ್ತಿದ್ದದ್ದು ಹೌದು, ಗೆರಟೆಯಲ್ಲಿ. ಲೋಟದಲ್ಲಿ ಎಲ್ಲಿ ಕೊಡ್ತಿದ್ರು ಆಗ?”

ಗೆರಟೆ ಎಂದರೆ ತೆಂಗಿನ ಚಿಪ್ಪು. ಕುಡಿದಮೇಲೆ ಬಿಸಾಡಬಹುದಾದದ್ದು, ಮತ್ತೆ ಮನೆಯೊಳಗೆ ಬರಬಾರದ್ದು. ಆ ಮೆಸೇಜನ್ನು ನಾಲ್ಕು ಸಲ ಕೇಳಿದೆ. ನನ್ನ ಕೈಗೆ ತಾಗಿದ ಲೋಟದ ಬಿಸಿ ಎಲ್ಲಿಂದ ಬಂತು? ಕಾಲೇಜಿನಲ್ಲಿ ಅಸ್ಪೃಶ್ಯತೆಯ ಮೇಲೆ ಇಪ್ಪತ್ತು ಪುಟ ಬರೆದು ಒಳ್ಳೆಯ ಅಂಕ ತೆಗೆದವಳು ನಾನು. ಬರೆಯುವಾಗ ಒಂದು ಸಲವೂ ನಮ್ಮ ಅಂಗಳ ನೆನಪಾಗಿರಲಿಲ್ಲ. ಯಾವಾಗಲೋ ಆ ಮುದುಕಿಯನ್ನು ನಾನೇ ಎತ್ತಿ ಜಗಲಿಯ ಮೇಲೆ ಕೂರಿಸಿದ್ದೆ. ನನ್ನ ಸಮಾಧಾನಕ್ಕೆ.

ಹಿಂದೆಯೇ ಅಮ್ಮನ ಇನ್ನೊಂದು ಮೆಸೇಜ್: “ಇದನ್ನೆಲ್ಲ ಅಲ್ಲಿ ಶಾಲೆಯಲ್ಲಿ ಹೇಳ್ಲಿಕ್ಕೆ ಹೋಗ್ಬೇಡ. ನಮ್ಮ ಊರಿನವರೂ ಇದ್ದಾರೆ ಅಲ್ಲಿ. ಎಂತಕ್ಕೆ ಸುಮ್ನೆ?”

ತರಗತಿಯಲ್ಲಿ ನಾನು ಅರ್ಧ ತಿದ್ದಿದೆ. “ಅಮ್ಮನನ್ನು ಕೇಳಿದೆ. ಆ ಅಜ್ಜಿ ಕೂರುತ್ತಿದ್ದದ್ದು ಜಗಲಿಯಲ್ಲಲ್ಲವಂತೆ, ಅಂಗಳದಲ್ಲಿ” ಎಂದೆ. ಗೆರಟೆಯ ಮಾತು ಎತ್ತಲಿಲ್ಲ. ಪ್ರಿನ್ಸಿಪಾಲರು ಬರುವ ದಿನ, ಮುಂದಿನ ವರ್ಷದ ತರಗತಿ, ಅಮ್ಮನ ಮರ್ಯಾದೆ, ನನ್ನದು ಎಲ್ಲವನ್ನೂ ಲೆಕ್ಕ ಹಾಕಿದ್ದೆ. ಮಕ್ಕಳಿಗೆ ಅಷ್ಟೇ ಸಾಕಾಗಿ ದೊಡ್ಡ ಗಲಾಟೆಯಾಯಿತು.

“ಮಿಸ್ ಸುಳ್ಳು ಹೇಳಿದ್ರು!”

“ಸುಳ್ಳಲ್ಲ, ಮರೆತದ್ದು.”

“ಮರೆತದ್ದಾದ್ರೆ ಗೊತ್ತಿಲ್ಲ ಅನ್ನಬೇಕು. ನೀವು ಕತೆ ಮಾಡಿದ್ರಿ.”

“ಆಂಟಿ ಹೇಳಿದ್ರಲ್ಲ, ಅವರನ್ನೇ ಕೇಳಿ ಅಂತ!”

“ಅವರು ತೀರಿಹೋಗಿದ್ದಾರೆ” ಎಂದೆ.

“ಅವರ ಮಕ್ಕಳನ್ನು ಕೇಳಿ. ಅವರ ಮಕ್ಕಳ ಮಕ್ಕಳನ್ನು!” ಎಂದು ಇಡೀ ತರಗತಿ ಕೂಗಿತು. ಬ್ಯಾರಿ ಹುಡುಗಿ ಚಿತ್ರದ ಅಜ್ಜಿಯನ್ನು ಕತ್ತರಿಸಿ ತೆಗೆದು ಅಂಗಳಕ್ಕೆ ಅಂಟಿಸಿದಳು. ಎರಡು ಲೋಟಗಳು ಹಾಗೆಯೇ ಇದ್ದವು.

ಅಜ್ಜಿಯ ಮನೆಯವರನ್ನು ಹುಡುಕಿಕೊಡು ಎಂದು ಅಮ್ಮನಿಗೆ ಕಳಿಸಿದೆ. ಮೂರು ದಿನ ಸದ್ದಿಲ್ಲ. ನಾಲ್ಕನೇ ದಿನ ಒಂದು ಫೋನ್ ನಂಬರ್, ಜೊತೆಗೆ ಧ್ವನಿ: “ಮೂವತ್ತು ವರ್ಷ ಅವ್ಳ ಹತ್ರ ಬುಟ್ಟಿ ತಕೊಂಡಿದ್ದೇನೆ. ನೀನು ಹೆಸ್ರು ಕೇಳಿದ್ಮೇಲೆ ಗೊತ್ತಾಯ್ತು, ನಂಗೂ ಗೊತ್ತಿಲ್ಲ ಅಂತ. ಮನಸ್ಸಿಗೆ ಒಂಥರಾ ಆಯ್ತು ಮಾರಾಯ್ತಿ. ರಿಕ್ಷಾ ಮಾಡ್ಕೊಂಡು ನಾನೇ ಹೋದೆ ಅವ್ರ ಮನೆಗೆ. ಮೊಮ್ಮಗಳಿದ್ದಾಳೆ, ನಿನ್ನ ಹಾಗೇ ಎಂ.ಎ. ಮಾಡಿದಾಳೆ. ಕಾಲೇಜಲ್ಲಿ ಪಾಠ ಮಾಡ್ತಾಳಂತೆ. ಕೂತ್ಕೊಳ್ಳಿ ಅಂತ ಕುರ್ಚಿ ಕೊಟ್ಲು.”

ಮೊಮ್ಮಗಳಿಗೆ ಎಲ್ಲವನ್ನೂ ವಿವರಿಸಿ ಉದ್ದ ಪತ್ರದಂಥ ಮೆಸೇಜ್ ಬರೆದೆ. ಅಜ್ಜಿಯ ಬಗ್ಗೆ ಮಕ್ಕಳಿಗೆ ಹೇಳಬಹುದೇ ಎಂದು ಕೇಳಿದೆ. ಉತ್ತರ ಚಿಕ್ಕದಾಗಿತ್ತು. “ಮೇಡಂ, ನೀವು ಹೇಳುವುದು ಬೇಡ. ನಾನೇ ಹೇಳ್ತೇನೆ. ಕನ್ನಡದಲ್ಲಿ ಹೇಳ್ತೇನೆ, ನೀವು ಇಂಗ್ಲಿಷ್ ಮಾಡಿ. ಆದ್ರೆ ನಾನು ಹೇಳಿದ್ದನ್ನು ಅರ್ಧ ಮಾಡಬಾರದು.”

ವಿಷಯ ತಿಳಿಸಿದಾಗ ಕೋಆರ್ಡಿನೇಟರ್ ಓಡುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. “ತಂದೆತಾಯಿಗಳ ಎದುರಾ? ಅವರು ಏನು ಹೇಳುತ್ತಾರೆ ಅಂತ ನಿಮಗೆ ಮೊದಲೇ ಗೊತ್ತಾ?”

“ಇಲ್ಲ.”

“ಹೋಗಲಿ. ಮಾಡಿ.”

ಕೊನೆಯ ದಿನ ಬೆಳಿಗ್ಗೆ ತರಗತಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪ್ರಿನ್ಸಿಪಾಲರು ಮಕ್ಕಳ ಕುರ್ಚಿಯಲ್ಲಿ ಮೊಣಕಾಲು ಮಡಚಿ ಕೂತಿದ್ದರು. ಬ್ಯಾರಿ ಹುಡುಗಿಯ ತಾಯಿ ಮುಂದಿನ ಸಾಲಿನಲ್ಲಿ. ಮಕ್ಕಳು ಆರು ಋತುಗಳ ಚಕ್ರ ತೋರಿಸಿದರು, ಸುಹೈಲ್ ನಕ್ಷತ್ರದ ಎಣಿಕೆ ಹೇಳಿದರು, ಆಂಟಿಯ ತಾಯಿಯ ಕತೆಯನ್ನು ಆಂಟಿಯ ಅನುಮತಿ ಪಡೆದು ಹೇಳುತ್ತಿದ್ದೇವೆ ಎಂದು ಮೊದಲು ಘೋಷಿಸಿ ಆಮೇಲೆ ಓದಿದರು. ಅಷ್ಟರಲ್ಲಿ ಪರದೆಯ ಮೇಲೆ ಮೊಮ್ಮಗಳು ಬಂದಳು. ನನ್ನ ಪ್ರಾಯದವಳು. ಹಿಂದೆ ಹಸಿರು ಗೋಡೆ, ಎದುರು ಬಳ್ಳಿಯ ಕಟ್ಟು.

ಅವಳು ನೇರ ಬಳ್ಳಿ ಎತ್ತಿಕೊಂಡಳು. ಹೆಣೆಯತೊಡಗಿದಳು. ಮಕ್ಕಳ ಕೈಯಲ್ಲಿ ನಾವು ಕಾಗದದ ಪಟ್ಟಿಗಳನ್ನು ಕೊಟ್ಟಿದ್ದೆವು. ಅವಳ ಬೆರಳು ನೋಡಿ ಅವರೂ ಶುರು ಮಾಡಿದರು, ಅವರನ್ನು ನೋಡಿ ಅಪ್ಪಂದಿರೂ, ನಡುನಡುವೆ ನಾನೂ. ಹೆಣೆಯುತ್ತಲೇ ಅವಳು ಹೇಳಿದಳು: ತಮಗೆ ತಮ್ಮದೇ ಭಾಷೆ ಉಂಟು, ಅದಕ್ಕೆ ಲಿಪಿ ಇಲ್ಲ. ಬಳ್ಳಿ ತರುವಾಗ ಬುಡ ಬಿಟ್ಟು ಕತ್ತರಿಸಬೇಕು, ಇಲ್ಲದಿದ್ದರೆ ಮುಂದಿನ ವರ್ಷ ಇಲ್ಲ. ಡೋಲು ಬಾರಿಸುವಾಗ ಸಣ್ಣ ಮಕ್ಕಳೂ ನಿದ್ದೆಯಿಂದ ಎದ್ದು ಕುಣಿಯುತ್ತಾರೆ. ನಾನು ಉಸಿರು ತೆಗೆಯದೆ ಇಂಗ್ಲಿಷ್ ಮಾಡುತ್ತ ಹೋದೆ. ಮಕ್ಕಳ ಮುಖ ನೋಡಿ ನನಗೂ ಕುಣಿಯಬೇಕೆನಿಸಿತು.

ಆಗ ಬ್ಯಾರಿ ಹುಡುಗಿ ಚಿತ್ರವನ್ನು ಗೋಡೆಯಿಂದ ಕಿತ್ತು ತಂದು ಕ್ಯಾಮೆರಾದ ಎದುರು ಹಿಡಿದಳು. ಅಜ್ಜಿಯಿಂದ ಕಲಿತ ಕನ್ನಡದಲ್ಲಿ ನೇರ ಕೇಳಿದಳು. “ಅಕ್ಕಾ, ಇದು ನಿಮ್ಮ ಅಜ್ಜಿ. ಸರಿ ಉಂಟಾ?”

ಮೊಮ್ಮಗಳ ಕೈ ನಿಂತಿತು. ಕ್ಯಾಮೆರಾದ ಹತ್ತಿರ ಬಾಗಿ ನೋಡಿದಳು. “ಅಜ್ಜಿ ಚೆಂದ ಆಗಿದ್ದಾರೆ. ಲೋಟ ಸರಿ ಇಲ್ಲ. ಲೋಟ ಕೊಡ್ತಿರ್ಲಿಲ್ಲ ನಿಮ್ಮ ಟೀಚರ್ ಮನೆಯಲ್ಲಿ. ಗೆರಟೆಯಲ್ಲಿ ಹೊಯ್ದು ಕೊಡ್ತಿದ್ದದ್ದು, ದೂರದಿಂದ. ನಾನೂ ಒಂದೆರಡು ಸಲ ಜೊತೆಗೆ ಹೋಗಿದ್ದೇನೆ, ನೋಡಿದ್ದೇನೆ. ಇನ್ನೊಂದು ಕೇಳಿ. ಅಜ್ಜಿ ಆ ಚಾ ಕುಡೀತಿರ್ಲಿಲ್ಲ. ಗೇಟು ದಾಟಿದ ಕೂಡ್ಲೇ ಚೆಲ್ಲಿ ಬಿಡ್ತಿದ್ರು. ಯಾಕೆ ಅಜ್ಜಿ ಅಂತ ಕೇಳಿದ್ರೆ, ನಮ್ಮ ಮನೆ ಚಾ ಇದಕ್ಕಿಂತ ಲಾಯ್ಕ ಇರ್ತದೆ ಅಂತಿದ್ರು.”

ಎಲ್ಲರೂ ನನ್ನ ಕಡೆ ತಿರುಗಿದರು.

ಇಡೀ ಕೋಣೆಯಲ್ಲಿ ಅವಳ ಮಾತು ತಿಳಿದವರು ಮೂವರೇ: ನಾನು, ಆ ಹುಡುಗಿ, ಅವಳ ತಾಯಿ. ‘ಲೋಟದ ಬಣ್ಣ ಬೇರೆ ಇತ್ತಂತೆ’ ಎಂದರೆ ಮುಗಿಯುತ್ತಿತ್ತು. ಮುಂದಿನ ವರ್ಷದ ತರಗತಿ ನನಗೆ ಸಿಕ್ಕಿತು ಎಂದು ಈಗ ಬರೆಯಬಲ್ಲೆ. ಆಗ ಅದು ಕೈ ಜಾರಿದ ಹಾಗೆಯೇ ಕಂಡಿತ್ತು. ಹುಡುಗಿಯ ತಾಯಿ ನನ್ನನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಇವಳು ಈಗ ಏನು ಮಾಡುತ್ತಾಳೆ ನೋಡುವಾ ಎಂಬಂತಿತ್ತು.

ಹೇಳಿದೆ. ಲೋಟ, ಗೆರಟೆ, ದೂರದಿಂದ ಹೊಯ್ದದ್ದು, ಚೆಲ್ಲಿದ್ದು ಎಲ್ಲ. ಒಂದು ಮಗು, “ಯಾಕೆ ಲೋಟ ಕೊಡಲಿಲ್ಲ?” ಎಂದು ಕೇಳಿತು. ಇದಕ್ಕೆ ಅನುವಾದ ಇರಲಿಲ್ಲ, ನನ್ನದೇ ಮಾತು ಬೇಕಿತ್ತು. “ಅವರು ಮುಟ್ಟಿದ ಲೋಟವನ್ನು ನಾವು ಮತ್ತೆ ಮುಟ್ಟಬಾರದು ಎಂದು ನಮ್ಮ ಮನೆಯವರು ನಂಬಿದ್ದರು. ಅದು ತಪ್ಪು, ಕಾನೂನಿಗೂ ವಿರುದ್ಧ. ಆದರೂ ಮಾಡಿದೆವು. ನಾನು ಆ ಮನೆಯವಳು. ನೋಡಿದ್ದೆ, ಆಮೇಲೆ ಅದನ್ನು ಬದಲಾಯಿಸಿ ನೆನಪಿಟ್ಟುಕೊಂಡೆ.” ನನ್ನ ಇಂಗ್ಲಿಷ್ ಎಲ್ಲೋ ಮುರಿಯಿತು.

ಆಮೇಲೆ ಹಿಂದಿನ ಸಾಲಿನಿಂದ ಒಂದು ಧ್ವನಿ: “ಚೆಲ್ಲಿದ್ದು ಒಳ್ಳೇದಾಯ್ತು!”

“ನಾನಾಗಿದ್ರೆ ಗೆರಟೆಯನ್ನೂ ಎಸೀತಿದ್ದೆ!”

“ಅವರ ಮನೆ ಚಾಗೆ ಏನು ಹಾಕ್ತಿದ್ರು, ಕೇಳಿ ಮಿಸ್!”

ತರಗತಿ ಒಮ್ಮೆಲೇ ಎದ್ದು ನಿಂತಿತು. ಅಷ್ಟೂ ಕೈ ಮೇಲೆ. ಪರದೆಯ ಆಚೆ ಮೊಮ್ಮಗಳು ಗಾಬರಿಯಾಗಿ, “ಎಂತ ಹೇಳ್ತಿದ್ದಾರೆ ಮೇಡಂ ಅವ್ರು?” ಎಂದಳು. ಒಂದೊಂದಾಗಿ ಹೇಳಿದೆ. ಅವಳು ಸೆರಗು ಬಾಯಿಗೆ ಒತ್ತಿ ನಕ್ಕಳು. ಮತ್ತೆ ಅಜ್ಜಿಯ ಹೆಸರು ಹೇಳಿ, ಮಕ್ಕಳೆಲ್ಲ ಮೂರು ಸಲ ಸರಿಯಾಗಿ ಉಚ್ಚರಿಸುವವರೆಗೆ ಬಿಡಲಿಲ್ಲ. ಇಲ್ಲಿ ಅದನ್ನು ಬರೆಯುವುದಿಲ್ಲ. ಹೇಳಿದ್ದು ಆ ಕೋಣೆಗೆ, ಈ ಪುಟಕ್ಕೆ ನಾನು ಅನುಮತಿ ಕೇಳಿಲ್ಲ.

ಪ್ರಶ್ನೆಗಳು ನಿಲ್ಲಲಿಲ್ಲ. ಬಾಗಿಲಲ್ಲಿ ಕೋಆರ್ಡಿನೇಟರ್ ಗಡಿಯಾರ ತೋರಿಸುತ್ತಿದ್ದರು, ಪ್ರಿನ್ಸಿಪಾಲರು ಕೈಯಾಡಿಸಿ ಅವರನ್ನು ಸುಮ್ಮನಿರಿಸಿದರು. ನನ್ನ ಗಂಟಲು ಒಣಗಿ ಹೋಗಿತ್ತು. ಇತ್ತಿಂದ ಅತ್ತ, ಅತ್ತಿಂದ ಇತ್ತ ಮಾತು ದಾಟಿಸುತ್ತ ನಾನು ಯಾವ ಭಾಷೆಯಲ್ಲಿ ಇದ್ದೇನೆಂದೇ ಮರೆಯುತ್ತಿತ್ತು. ಹುಡುಗಿಯ ತಾಯಿ ಎದ್ದು ಬಂದು ಒಂದು ಬಾಟಲಿ ನೀರು ಕೈಯಲ್ಲಿಟ್ಟು, “ಹೇಳಿದ್ರಿ ಅಲ್ಲ, ಒಳ್ಳೇದಾಯ್ತು” ಎಂದಷ್ಟೇ ಹೇಳಿ ಹೋಗಿ ಕೂತರು.

“ಮಕ್ಕಳ ಬುಟ್ಟಿ ತೋರಿಸಿ ಮೇಡಂ” ಎಂದಳು ಮೊಮ್ಮಗಳು. ಎಲ್ಲರೂ ತಮ್ಮ ಕಾಗದದ ಹೆಣಿಗೆಯನ್ನು ಮೇಲೆತ್ತಿದರು. ಅವಳು ಮುಂದೆ ಬಾಗಿ, ಒಂದೊಂದನ್ನೇ ಟೀಚರ್ ಕಣ್ಣಿನಲ್ಲಿ ನೋಡಿದಳು.

“ತಳ ಎಲ್ಲರದ್ದೂ ಸಡಿಲ. ಇದ್ರಲ್ಲಿ ಏನೂ ನಿಲ್ಲುವುದಿಲ್ಲ. ಪೂರ್ತಿ ಬಿಚ್ಚಲಿಕ್ಕೆ ಹೇಳಿ. ನಿಮ್ಮದೂ ನೋಡಿದೆ, ನಿಮ್ಮದೂ ಹಾಗೇ ಉಂಟು.”

ನಾನು ಅದನ್ನೂ ಇಂಗ್ಲಿಷ್ ಮಾಡಿದೆ. ಮಕ್ಕಳು ಹೋ ಎಂದು ಕೂಗಿ, ನೆಲದ ಮೇಲೆ ಜಾಗ ಹಿಡಿಯಲು ಒಬ್ಬರ ಮೇಲೊಬ್ಬರು ಬಿದ್ದರು. ನಾನೂ ಅವರ ನಡುವೆ ತೂರಿ ಕೂತು, ನನ್ನ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದೆ.